ಬಾಬ್ ಡಿಲನ್ ಔಟ್‌ಟೇಕ್ಸ್ ಕೇಳೋದು ಹೇಗೆ? ಎಲ್ಲಿಂದ ಶುರು ಮಾಡ್ಬೇಕು, ಏನನ್ನ ಗಮನಿಸ್ಬೇಕು

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಫ್ಯಾನ್ಸ್ ಜೊತೆ ಸ್ವಲ್ಪ ಹೊತ್ತು ಕೂತ್ರೆ ಸಾಕು, ಮಾತು ಆಲ್ಬಮ್‌ಗಳನ್ನ ದಾಟಿ ಔಟ್‌ಟೇಕ್‌ಗಳ, ಅಂದ್ರೆ ರೆಕಾರ್ಡ್ ಆಗಿಯೂ ಆಲ್ಬಮ್‌ಗೆ ಸೇರದೇ ಉಳಿದ ಹಾಡುಗಳ ಕಡೆ ಹೊರಳತ್ತೆ. ಹೊರಗಿಂದ ನೋಡೋರಿಗೆ ಇದು ವಿಚಿತ್ರ ಅನ್ಸತ್ತೆ, ಅವನೇ ಬೇಡ ಅಂತ ಬಿಟ್ಟಿದ್ದನ್ನ ಇವ್ರ್ಯಾಕೆ ಹುಡುಕ್ಕೊಂಡು ಹೋಗಿ ಕೇಳ್ತಾರೆ, ಚೆನ್ನಾಗಿದ್ದಿದ್ರೆ ಅವನೇ ಹಾಕ್ತಿರ್ಲಿಲ್ವಾ ಅಂತ. ನ್ಯಾಯವಾದ ಪ್ರಶ್ನೆನೇ. ಆದ್ರೆ ರಿಲೀಸ್ ಆದ ಹಾಡನ್ನ ಸಾವಿರ ಸಲ ಕೇಳಿರ್ತೀವಲ್ಲ, ಅದು ಹುಟ್ಟಿದ್ದೇ ಹಾಗೆ, ಬೇರೆ ಥರ ಇರೋಕೆ ಸಾಧ್ಯನೇ ಇರ್ಲಿಲ್ಲ ಅನ್ನೋ ಹಾಗೆ ಕಿವಿಗೆ ಕೂತ್ಬಿಟ್ಟಿರತ್ತೆ. ಔಟ್‌ಟೇಕ್ ಕೇಳಿದ್ಮೇಲೆ ಗೊತ್ತಾಗತ್ತೆ, ಆ ತಾಳ, ಆ ಸ್ಪೀಡು, ಆ ಒಂದೊಂದು ಪದ, ಎಲ್ಲಕ್ಕೂ ಯಾವತ್ತೋ ಒಂದು ದಿನ ಸ್ಟುಡಿಯೋದಲ್ಲಿ ಯಾರೋ ಹೂಂ ಅಂದಿದ್ದಾರೆ, ಅವತ್ತು ಊಹೂಂ ಅಂದಿದ್ರೆ ಹಾಡೇ ಬೇರೆ ಆಗಿರ್ತಿತ್ತು. ಹಾಡು ಬರೆಯೋನು ಏನೇನು ತೀರ್ಮಾನ ಮಾಡ್ದ ಅನ್ನೋದನ್ನ ಕಿವಿಯಿಂದಲೇ ಹಿಡಿಯೋಕೆ ನನಗೆ ಗೊತ್ತಿರೋ ಒಳ್ಳೇ ದಾರಿ ಇದೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಡಿಲನ್‌ನನ್ನೇ ಯಾಕೆ ತಗೊಂಡೆ ಅಂದ್ರೆ ರಾಕ್ ಸಾಂಗ್‌ರೈಟರ್‌ಗಳಲ್ಲಿ ಇಷ್ಟು ಟೇಪ್ ಅಧಿಕೃತವಾಗಿ ಹೊರಗೆ ಬಂದಿರೋದು ತುಂಬ ಅಪರೂಪ. 1991ರಲ್ಲಿ ‘ಬೂಟ್‌ಲೆಗ್ ಸೀರೀಸ್’ ಅನ್ನೋ ಅವನ ಹಳೇ ಟೇಪ್‌ಗಳ ಅಧಿಕೃತ ಸರಣಿಯ 1ರಿಂದ 3ನೇ ವಾಲ್ಯೂಮ್ ಒಟ್ಟಿಗೆ ಬಂತು, ಆಮೇಲೆ ನಿಂತೇ ಇಲ್ಲ. ಅಷ್ಟೊಂದು ಇರೋದ್ರಿಂದ್ಲೇ ಹೊಸಬರು ಎಲ್ಲಿಂದ ಶುರು ಮಾಡ್ಬೇಕು ಗೊತ್ತಾಗ್ದೆ ಒದ್ದಾಡೋದು.

ಹಂತ 1: ಮೊದ್ಲು ಆಲ್ಬಮ್ ಬಾಯಿಪಾಠ ಆಗ್ಲಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ರಿಲೀಸ್ ಆದ ಹಾಡು ತಲೇಲಿ ಗಟ್ಟಿಯಾಗಿ ಇಲ್ದಿದ್ರೆ ಔಟ್‌ಟೇಕ್‌ನಲ್ಲಿ ಏನು ಬದಲಾಗಿದೆ ಅಂತ ಗೊತ್ತಾಗೋದೇ ಇಲ್ಲ, ಬರೀ ಸೌಂಡ್ ಸ್ವಲ್ಪ ಒರಟಾಗಿರೋ ಇನ್ನೊಂದು ಹಾಡು ಅಷ್ಟೇ. ಎರಡು ಆಲ್ಬಮ್ ಸಾಕು: 1965ರ ‘ಹೈವೇ 61 ರೀವಿಸಿಟೆಡ್’, 1975ರ ‘ಬ್ಲಡ್ ಆನ್ ದ ಟ್ರ್ಯಾಕ್ಸ್’. ಆರ್ಗನ್ ಎಲ್ಲಿ ಒಳಗೆ ಬರತ್ತೆ, ಡ್ರಮ್ಸ್‌ನ ಮೊದಲ ಏಟು ಎಲ್ಲಿ ಬೀಳತ್ತೆ, ಯಾವ ಸಾಲಲ್ಲಿ ದನಿ ಎಳೀತಾನೆ ಅನ್ನೋದು ಕಣ್ಮುಚ್ಚಿದ್ರೂ ಬರೋವರೆಗೆ ಕೇಳಿ. ಲಿರಿಕ್ಸ್ ಪ್ರಿಂಟ್ ಮಾಡಿ ಇಟ್ಕೊಂಡ್ರೆ ಇನ್ನೂ ಒಳ್ಳೇದು, ಮುಂದೆ ಹಂತ 5ರಲ್ಲಿ ಬೇಕೇ ಬೇಕಾಗತ್ತೆ.

ಹಂತ 2: ಕೇಳ್ತಿರೋದು ಯಾವ ಥರದ ಟೇಪು ಅಂತ ತಿಳ್ಕೊಳ್ಳಿ

ಎಲ್ಲವನ್ನೂ ಔಟ್‌ಟೇಕ್ ಅಂತಲೇ ಕರೆಯೋದು ರೂಢಿ, ಆದ್ರೆ ಒಳಗೆ ಬೇರೆ ಬೇರೆ ಜಾತಿ ಇದೆ. ಆಲ್ಬಮ್‌ಗೆ ರೆಕಾರ್ಡ್ ಆಗಿ ಇಡೀ ಹಾಡೇ ಹೊರಗುಳಿದ್ರೆ ಅದು ನಿಜವಾದ ಔಟ್‌ಟೇಕ್. ಹಾಡು ಆಲ್ಬಮ್‌ನಲ್ಲಿದೆ, ಆದ್ರೆ ಈ ಸಲ ಹಾಡಿದ್ದು ಬೇರೆ ಅಂದ್ರೆ ಆಲ್ಟರ್ನೇಟ್ ಟೇಕ್. ಶುರು ಆಗಿ ಎರಡು ಸಾಲಿಗೇ ನಿಂತ್ರೆ ಫಾಲ್ಸ್ ಸ್ಟಾರ್ಟ್, ಮಧ್ಯದಲ್ಲಿ ಕುಸಿದು ಬಿದ್ರೆ ಬ್ರೇಕ್‌ಡೌನ್. ಟೇಪ್ ಓಡ್ತಿದೆ, ಬ್ಯಾಂಡ್‌ನವ್ರು ಇನ್ನೂ ಹಾಡಿನ ಕಾರ್ಡ್ಸ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಲೀತಿದ್ದಾರೆ ಅಂದ್ರೆ ರಿಹರ್ಸಲ್. ಇನ್ನು ಟೇಕ್ ಅದೇ ಆದ್ರೂ ಮಿಕ್ಸ್ ಬೇರೆ ಇರೋದೂ ಉಂಟು: 2013ರ ‘ಅನದರ್ ಸೆಲ್ಫ್ ಪೋರ್ಟ್ರೇಟ್’ನಲ್ಲಿ ಕೆಲವು ಹಾಡುಗಳ ಮೇಲೆ ಆಮೇಲೆ ಹೇರಿದ್ದ ವಾದ್ಯಗಳನ್ನೆಲ್ಲ ತೆಗೆದು ಕೊಟ್ಟಿದ್ದಾರೆ, 1970ರ ‘ಸೆಲ್ಫ್ ಪೋರ್ಟ್ರೇಟ್’ ಆಲ್ಬಮ್‌ನಲ್ಲಿ ಬೈಸ್ಕೊಂಡಿದ್ದ ಹಾಡುಗಳು ಅಲ್ಲಿ ಎಷ್ಟು ಚೆಂದ ಕೇಳ್ಸತ್ತೆ ಅಂದ್ರೆ ಜನ ಆ ಆಲ್ಬಮ್ ಬಗ್ಗೆ ಅಭಿಪ್ರಾಯನೇ ಬದಲಾಯಿಸ್ಕೊಂಡ್ರು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ ಒಂದೊಂದನ್ನ ಕೇಳೋ ರೀತಿ ಬೇರೆ. ರಿಹರ್ಸಲ್ ಕೇಳ್ತಾ ಹಾಡುಗಾರಿಕೆ ಸರಿ ಇಲ್ಲ ಅಂತ ಗೊಣಗಿದ್ರೆ ಉಪಯೋಗ ಇಲ್ಲ, ಅಲ್ಲಿ ಯಾರು ಯಾರಿಗೆ ಏನು ಹೇಳ್ಕೊಡ್ತಿದ್ದಾರೆ ಅನ್ನೋದೇ ವಿಷಯ.

ಹಂತ 3: ಒಂದು ಹಾಡು ಹಿಡೀರಿ, ಅದರ ಎಲ್ಲಾ ಟೇಕ್ ಸಾಲಾಗಿ ಕೇಳಿ

ಹಾಡು ‘ಲೈಕ್ ಎ ರೋಲಿಂಗ್ ಸ್ಟೋನ್’. ಬೇರೆ ಯೋಚನೆನೇ ಬೇಡ. 2015ರಲ್ಲಿ ಬಂದ ಬೂಟ್‌ಲೆಗ್ ಸೀರೀಸ್ 12ನೇ ವಾಲ್ಯೂಮ್, ‘ದ ಕಟಿಂಗ್ ಎಡ್ಜ್ 1965–1966’, ಅದರ 6 ಸಿಡಿ ಸೆಟ್‌ನಲ್ಲಿ ಒಂದು ಇಡೀ ಡಿಸ್ಕ್ ಈ ಒಂದೇ ಹಾಡಿಗೆ ಮೀಸಲು.

ಜಾಗ ನ್ಯೂಯಾರ್ಕ್‌ನ ಸೆವೆಂತ್ ಅವೆನ್ಯೂ 799, ಕೊಲಂಬಿಯಾ ಕಂಪನಿಯ ಸ್ಟುಡಿಯೋ ಎ. 1965ರ ಜೂನ್ 15, 16. ಪ್ರೊಡ್ಯೂಸರ್ ಟಾಮ್ ವಿಲ್ಸನ್. ಮೊದಲ ದಿನ ಹಾಡು ಇರೋದು ವಾಲ್ಟ್ಸ್ ತಾಳದಲ್ಲಿ, ಒಂದು ಎರಡು ಮೂರು, ಒಂದು ಎರಡು ಮೂರು ಅಂತ ತೂಗ್ತಾ ಹೋಗತ್ತೆ, ಸಿಟ್ಟೇ ಇಲ್ಲ, ಏನೋ ಹಳೇ ನೋವಿನ ಪದ್ಯದ ಥರ. ಒಂದು ಕಡೆ ಡಿಲನ್ ದನಿನೇ ಕೈಕೊಡತ್ತೆ. ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ, ಸಾಹಿತ್ಯದ ಮುಖ್ಯ ಭಾಗ ಆಗ್ಲೇ ಇದೆ, ಕೋರಸ್ ಇದೆ, ಆದ್ರೂ ನಮಗೆ ಗೊತ್ತಿರೋ ಆ ಹಾಡು ಇನ್ನೂ ಹುಟ್ಟೇ ಇಲ್ಲ.

ಮಾರನೇ ದಿನ ನಾಲ್ಕರ ತಾಳಕ್ಕೆ ಬಂದಿದ್ದಾರೆ. ಅಲ್ ಕೂಪರ್ ಅನ್ನೋ 21ರ ಹುಡುಗ ಗಿಟಾರ್ ನುಡಿಸೋ ಆಸೆ ಇಟ್ಕೊಂಡು ಬಂದಿದ್ದ, ಮೈಕ್ ಬ್ಲೂಮ್‌ಫೀಲ್ಡ್ ಗಿಟಾರ್ ಕೇಳಿ ತನ್ನದನ್ನ ಸುಮ್ನೆ ಪಕ್ಕಕ್ಕಿಟ್ಟ. ಆರ್ಗನ್ ನುಡಿಸ್ತಿದ್ದ ಪಾಲ್ ಗ್ರಿಫಿನ್‌ನ ಪಿಯಾನೋಗೆ ಕಳ್ಸಿದಾಗ ಖಾಲಿ ಆದ ಆರ್ಗನ್ ಮುಂದೆ ಹೋಗಿ ಕೂತ್ಬಿಟ್ಟ, ಆರ್ಗನ್ ಅವನ ವಾದ್ಯನೇ ಅಲ್ಲ. ಹೆಡ್‌ಫೋನ್ ಹಾಕಿ ಅವನ ಕೈಯನ್ನೇ ಹಿಂಬಾಲಿಸಿ: ಬ್ಯಾಂಡ್ ಕಾರ್ಡ್ ಬದಲಾಯಿಸಿದ್ಮೇಲೆ ಒಂದು ಚಿಟಿಕೆ ತಡವಾಗಿ ಆರ್ಗನ್ ಬರತ್ತೆ, ಯಾಕಂದ್ರೆ ಅವನು ಬೇರೆಯವ್ರು ಯಾವ ಕಾರ್ಡ್‌ಗೆ ಹೋದ್ರು ಅಂತ ಕೇಳ್ಕೊಂಡು ಆಮೇಲೆ ಒತ್ತುತ್ತಿದ್ದ. ರೆಕಾರ್ಡ್ ಆಗಿದ್ದನ್ನ ಮತ್ತೆ ಹಾಕಿ ಕೇಳ್ವಾಗ ವಿಲ್ಸನ್ ಇವನು ಆರ್ಗನ್ ಪ್ಲೇಯರ್ರೇ ಅಲ್ಲ ಅಂದ್ರೂ ಡಿಲನ್ ಆರ್ಗನ್ ಜೋರು ಮಾಡಿ ಅಂದ. ಆ ತಡವೇ ಆ ಹಾಡಿನ ಸಹಿ ಆಗೋಯ್ತು.

ಈಗ ಇಡೀ ಡಿಸ್ಕ್‌ನಲ್ಲೇ ನನಗೆ ಅತಿ ಹೆಚ್ಚು ಇಷ್ಟದ ವಿಷಯ. ಆ ದಿನದ 15 ಟೇಕ್‌ಗಳಲ್ಲಿ ರಿಲೀಸ್ ಆಗಿದ್ದು ನಾಲ್ಕನೇದು. ಅಂದ್ರೆ ಅದು ಸಿಕ್ಕಿದ್ಮೇಲೂ ಹನ್ನೊಂದು ಸಲ ಪ್ರಯತ್ನ ಪಟ್ಟಿದ್ದಾರೆ! ಆ ಹನ್ನೊಂದನ್ನ ಬಿಟ್ಟುಬಿಡೋಣ ಅನ್ಸತ್ತೆ, ದಯವಿಟ್ಟು ಬಿಡ್ಬೇಡಿ, ಪಾಠ ಇರೋದೇ ಅಲ್ಲಿ. ಹೆಚ್ಚಿನವು ಅರ್ಧಕ್ಕೇ ನಿಲ್ತವೆ, ಒಂದರಲ್ಲಿ ಸ್ಪೀಡು ಹೆಚ್ಚು, ಇನ್ನೊಂದರಲ್ಲಿ ಡ್ರಮ್ಸ್ ಎಲ್ಲೋ ದನಿ ಎಲ್ಲೋ, ನಾಲ್ಕನೇ ಟೇಕ್‌ನಲ್ಲಿ ಕೂಡಿ ಬಂದಿದ್ದು ಮತ್ತೆ ಕೂಡಿ ಬರೋದೇ ಇಲ್ಲ, ಅದೇ ಜನ, ಅದೇ ರೂಮು, ಅದೇ ಹಾಡು. ಇದನ್ನ ಕೇಳಿ ನಾಲ್ಕನೇ ಟೇಕ್‌ಗೆ ವಾಪಸ್ ಬಂದು ಆ ಮೊದಲ ಡ್ರಮ್ ಏಟು ಕೇಳಿ ನೋಡಿ, ನನಗಂತೂ ಪ್ರತಿ ಸಲ ಮೈ ಜುಮ್ ಅನ್ನತ್ತೆ.

ಕೊನೇಲಿ ನಾಲ್ಕನೇ ಟೇಕ್‌ನ ಟ್ರ್ಯಾಕ್‌ಗಳನ್ನ ಬಿಡಿಸಿ ಕೊಟ್ಟಿದ್ದಾರೆ, ಗಿಟಾರ್ ಬೇರೆ, ದನಿ ಮತ್ತು ಗಿಟಾರ್ ಬೇರೆ, ಪಿಯಾನೋ ಮತ್ತು ಬೇಸ್ ಬೇರೆ, ಡ್ರಮ್ಸ್ ಮತ್ತು ಆರ್ಗನ್ ಬೇರೆ. ಅವನ್ನ ಮೊದ್ಲೇ ಕೇಳ್ಬೇಡಿ, ಎಲ್ಲ ಟೇಕ್ ಆದ್ಮೇಲೆ ಕೇಳಿ. ಪಿಯಾನೋ ಎಷ್ಟು ದೊಡ್ಡ ಕೆಲಸ ಮಾಡ್ತಿದೆ ಅನ್ನೋದು ಆಗ್ಲೇ ಕಿವಿಗೆ ಬೀಳೋದು.

ಹಂತ 4: ಸ್ಪೀಡ್ ಬದಲಾದ್ರೆ ಹಾಡಿನ ಅರ್ಥ ಏನಾಗತ್ತೆ ಅಂತ ಗಮನಿಸಿ

ಎರಡು ಜೋಡಿ ಹೇಳ್ತೀನಿ. ಅದೇ ಜೂನ್ 15ರಂದು ‘ಫ್ಯಾಂಟಮ್ ಇಂಜಿನಿಯರ್’ ಅನ್ನೋ ಹೆಸರಲ್ಲಿ ಒಂದು ಹಾಡು ರೆಕಾರ್ಡ್ ಆಯ್ತು, ನುಗ್ಗಿಕೊಂಡು ಹೋಗೋ ರಾಕ್ ಹಾಡು. ಜುಲೈ 29ಕ್ಕೆ ಅದೇ ಹಾಡು ನಿಧಾನದ ಬ್ಲೂಸ್ ಆಗಿದೆ, ‘ಹೈವೇ 61’ ಆಲ್ಬಮ್‌ನಲ್ಲಿ ‘ಇಟ್ ಟೇಕ್ಸ್ ಎ ಲಾಟ್ ಟು ಲಾಫ್’ ಅಂತ ಹೆಸರು ಶುರುವಾಗೋ ಮೂರನೇ ಹಾಡು ಅದೇ. ಫಾಸ್ಟ್ ವರ್ಷನ್‌ನಲ್ಲಿ ಹುಡುಗ ಶೋಕಿ ಮಾಡ್ತಿದ್ದಾನೆ ಅನ್ಸತ್ತೆ, ನಿಧಾನದ್ರಲ್ಲಿ ಅದೇ ಮನುಷ್ಯ ರಾತ್ರಿ ಪೂರ್ತಿ ಎಚ್ಚರ ಇದ್ದು ಸುಸ್ತಾದವನು.

ಇನ್ನೊಂದು ‘ವಿಷನ್ಸ್ ಆಫ್ ಜೋಹಾನಾ’. ‘ಬ್ಲಾಂಡ್ ಆನ್ ಬ್ಲಾಂಡ್’ ಆಲ್ಬಮ್‌ನಲ್ಲಿರೋದು 1966ರ ಫೆಬ್ರವರಿ 14ರಂದು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಆಗಿದ್ದು. ಅದಕ್ಕೂ ಮುಂಚೆ 1965ರ ನವೆಂಬರ್ 30ರಂದು ನ್ಯೂಯಾರ್ಕ್‌ನಲ್ಲಿ ಹಾಕ್ಸ್ ಬ್ಯಾಂಡ್ ಜೊತೆ ಮತ್ತೆ ಮತ್ತೆ ಹಾಡಿದ್ದಾನೆ, ಆಗ ಅದರ ಹೆಸರು ‘ಫ್ರೀಜ್ ಔಟ್’. ಕೆಲವು ಟೇಕ್‌ಗಳಲ್ಲಿ ಡ್ರಮ್ಸ್ ಹೇಗೆ ಬಡೀತಾರೆ ಅಂದ್ರೆ ಆ ಸಾಲುಗಳಿಗೆ ಉಸಿರಾಡೋಕೆ ಜಾಗನೇ ಇಲ್ಲ. ಬ್ಯಾಂಡ್ ಕೆಟ್ಟದಾಗಿ ನುಡಿಸ್ತಿಲ್ಲ, ಮುಂದೆ ‘ದ ಬ್ಯಾಂಡ್’ ಅಂತ ಹೆಸರಾದವ್ರು ಇವ್ರೇ, ಆದ್ರೆ ಈ ಹಾಡು ಕೇಳ್ತಿದ್ದಿದ್ದು ಬೇರೇನೋ, ಅದು ನ್ಯಾಶ್‌ವಿಲ್‌ನಲ್ಲಿ ಸಿಕ್ತು. ಎರಡನ್ನೂ ಒಂದಾದ ಮೇಲೊಂದು ಹಾಕಿ, ಮಧ್ಯೆ ಬೇರೆ ಏನೂ ಕೇಳ್ಬೇಡಿ.

ಹಂತ 5: ಒಂದೇ ಆಲ್ಬಮ್, ಎರಡು ಊರು

ಈಗ ಲಿರಿಕ್ಸ್ ಹಾಳೆ ಕೈಗೆ ತಗೊಳ್ಳಿ. ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ರೆಕಾರ್ಡಿಂಗ್ ಶುರುವಾಗಿದ್ದು 1974ರ ಸೆಪ್ಟೆಂಬರ್ 16ಕ್ಕೆ, ನ್ಯೂಯಾರ್ಕ್‌ನ ಎ ಅಂಡ್ ಆರ್ ಸ್ಟುಡಿಯೋದಲ್ಲಿ, ಇಂಜಿನಿಯರ್ ಫಿಲ್ ರಮೋನ್. ಈ ಸ್ಟುಡಿಯೋ ಯಾವ್ದು ಗೊತ್ತಾ, ಹಂತ 3ರ ಅದೇ ಹಳೇ ಸ್ಟುಡಿಯೋ ಎ, ಕೈ ಬದಲಾಗಿತ್ತು ಅಷ್ಟೇ. ಮೊದಲ ದಿನ ಒಂದು ಇಡೀ ಬ್ಯಾಂಡ್ ಕರೆಸಿದ್ರು, ಆಮೇಲೆ ಅದರಲ್ಲಿ ಬಹುತೇಕರನ್ನ ಬಿಟ್ಟು ಟೋನಿ ಬ್ರೌನ್ ಬೇಸ್ ಮಾತ್ರ ಇಟ್ಕೊಂಡು ಡಿಲನ್ ಮುಂದುವರಿಸ್ದ. ಕೆಲವು ಟೇಕ್‌ಗಳಲ್ಲಿ ಡಿಲನ್ ಕೋಟಿನ ಗುಂಡಿ ಗಿಟಾರ್‌ಗೆ ತಾಗಿ ಟಿಕ್ ಟಿಕ್ ಅನ್ನೋದು ಸ್ಪಷ್ಟವಾಗಿ ಕೇಳ್ಸತ್ತೆ. ಇವತ್ತಾದ್ರೆ ಅದನ್ನ ಅಳಿಸಿಹಾಕ್ತಾರೆ, ನನಗೆ ಅದು ಬೇಕು, ಅಷ್ಟು ಹತ್ತಿರ ಕೂತು ಕೇಳಿದ ಹಾಗಾಗತ್ತೆ.

ಆಲ್ಬಮ್ ಮುಗಿದು ಟೆಸ್ಟ್ ಪ್ರೆಸ್ಸಿಂಗ್ (ಪರೀಕ್ಷೆಗೆ ಅಂತ ಒತ್ತೋ ಮಾದರಿ ರೆಕಾರ್ಡು) ಕೂಡ ಆಗಿತ್ತು. ಡಿಸೆಂಬರ್‌ನಲ್ಲಿ ಮಿನ್ನೆಸೋಟಾಗೆ ಹೋದವನು ಮನಸ್ಸು ಬದಲಾಯಿಸ್ಬಿಟ್ಟ, ತಮ್ಮ ಡೇವಿಡ್ ಅಲ್ಲಿನ ಸ್ಥಳೀಯ ಮ್ಯೂಸಿಷಿಯನ್ಸ್‌ನ ಸೇರಿಸಿದ, ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೋದಲ್ಲಿ ಡಿಸೆಂಬರ್ 27, 30ರಂದು ಹತ್ತರಲ್ಲಿ ಐದು ಹಾಡುಗಳನ್ನ ಮತ್ತೆ ರೆಕಾರ್ಡ್ ಮಾಡಿದ್ರು. ಕವರ್ ಆಗ್ಲೇ ಪ್ರಿಂಟ್ ಆಗಿದ್ರಿಂದ ಆ ಮಿನಿಯಾಪೊಲಿಸ್‌ನವ್ರ ಹೆಸರು ಆಲ್ಬಮ್ ಮೇಲೆ ಬರ್ಲೇ ಇಲ್ಲ. ಅಷ್ಟು ದೊಡ್ಡ ಆಲ್ಬಮ್‌ನ ಅರ್ಧ ನುಡಿಸಿದವ್ರು ಅವರು, ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಕೆಲಸ ಹೀಗೆ ಮಾಡಿ. 2018ರ 14ನೇ ವಾಲ್ಯೂಮ್ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’ನಿಂದ ನ್ಯೂಯಾರ್ಕ್‌ನ ‘ಈಡಿಯಟ್ ವಿಂಡ್’ ಹಾಕಿ, ಹಾಳೆ ನೋಡ್ತಾ ಬದಲಾದ ಸಾಲುಗಳಿಗೆಲ್ಲ ಗೆರೆ ಎಳೀರಿ. ಆಲ್ಬಮ್‌ನಲ್ಲಿ ಅರಚಾಟ, ಆರೋಪ, ಹಲ್ಲು ಕಡಿಯೋ ಸಿಟ್ಟು, ನ್ಯೂಯಾರ್ಕ್‌ನಲ್ಲಿ ಅದೇ ಹಾಡು ಪಿಸುಮಾತಿಗೆ ಹತ್ತಿರ, ಬೈಯೋದಕ್ಕಿಂತ ಅಳು ಹೆಚ್ಚು. ಸಿಟ್ಟಿನ ವರ್ಷನ್ ಆರಿಸ್ಕೊಂಡು ಅವನು ತನ್ನನ್ನ ತಾನು ಮುಚ್ಚಿಟ್ಕೊಂಡ ಅಂತ ನನ್ನ ನಂಬಿಕೆ, ಆದ್ರೆ ಆಲ್ಬಮ್ ಆಗಿ ಕೇಳಿದಾಗ ಆ ಮಧ್ಯಭಾಗದಲ್ಲಿ ಒಂದು ಸ್ಫೋಟ ಬೇಕಿತ್ತು ಅನ್ನೋದೂ ನಿಜ, ಪೂರ್ತಿ ನ್ಯೂಯಾರ್ಕ್ ವರ್ಷನ್ ಒಂದೇ ಉಸಿರಿಗೆ ಕೇಳಿದ್ರೆ ಎದೆ ಭಾರ ಆಗೋಗತ್ತೆ. ಇನ್ನೊಂದು ಸಂಗತಿ, ಈ ನ್ಯೂಯಾರ್ಕ್ ಸೆಷನ್‌ಗಳಲ್ಲಿ ಆರ್ಗನ್ ನುಡಿಸಿದ್ದು ಅದೇ ಪಾಲ್ ಗ್ರಿಫಿನ್, ಒಂಬತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಆರ್ಗನ್ ಬಿಟ್ಟು ಪಿಯಾನೋಗೆ ಹೋದವ್ರು.

ಆಮೇಲೆ ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’. ನ್ಯೂಯಾರ್ಕ್ ಟೇಕ್‌ಗಳಲ್ಲಿ ಕೆಲವು ಕಡೆ ‘ಅವನು’ ಅಂತ ಹಾಡಿದ್ದು ಆಲ್ಬಮ್‌ನಲ್ಲಿ ‘ನಾನು’ ಆಗಿದೆ. ಅಷ್ಟು ಚಿಕ್ಕ ಬದಲಾವಣೆಗೆ ಇಡೀ ಕತೆ ನಿಮ್ಮ ಎದುರು ಬಂದು ಕೂತ್ಕೊಳ್ಳತ್ತೆ. ಮಿನಿಯಾಪೊಲಿಸ್‌ನಲ್ಲಿ ಶುರು ಮಾಡಿದ್ದು ಜಿ ಶ್ರುತಿಯಲ್ಲಿ, ಕೆವಿನ್ ಓಡಗಾರ್ಡ್ ಅನ್ನೋ ಗಿಟಾರಿಸ್ಟ್ ಎ ಶ್ರುತಿಗೆ ಏರಿಸಿ ನೋಡೋಣ ಅಂದ್ರು, ದನಿ ಮೇಲಕ್ಕೆ ಎಟುಕಬೇಕಾಯ್ತು, ಆ ಎಟುಕುವಿಕೆನೇ ಹಾಡಿನ ಆತುರ.

ಒಂದು ಟೆಕ್ನಿಕಲ್ ಮಾತು: 1975ರ ಎಲ್‌ಪಿಯಲ್ಲಿ ನ್ಯೂಯಾರ್ಕ್ ಹಾಡುಗಳ ಟೇಪ್‌ನ ಶೇ. 2ರಿಂದ 3ರಷ್ಟು ಸ್ಪೀಡ್ ಮಾಡಿದ್ರು, 2018ರ ಸೆಟ್‌ನಲ್ಲಿ ಅಸಲಿ ಸ್ಪೀಡಿಗೆ ತಂದಿದ್ದಾರೆ. ಹಾಗಾಗಿ ಆಲ್ಬಮ್ ಜೊತೆ ಗಿಟಾರ್ ನುಡಿಸ್ತಾ ಕೂತ್ರೆ ಶ್ರುತಿ ಕೂಡ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಬೇಡಿ, ನಿಮ್ಮ ಗಿಟಾರ್ ಸರಿಯಾಗೇ ಇದೆ.

ಹಂತ 6: ಪೂರ್ತಿ ಹೊರಗುಳಿದ ಹಾಡುಗಳಿಗೆ ಈಗ ಬನ್ನಿ

ಎಲ್ರೂ ಇಲ್ಲಿಂದ ಶುರು ಮಾಡ್ತಾರೆ, ನಾನು ತಡವಾಗಿ ಇಟ್ಟಿದ್ದೀನಿ, ಯಾಕಂದ್ರೆ ಆರಿಸೋದು ಬಿಡೋದು ಹೇಗೆ ನಡೆಯತ್ತೆ ಅಂತ ಕಿವಿಗೆ ಅಭ್ಯಾಸ ಆದ್ಮೇಲೇ ಇಲ್ಲಿನ ಆಶ್ಚರ್ಯ ಪೂರ್ತಿ ಗೊತ್ತಾಗೋದು.

‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’. 1983ರಲ್ಲಿ ‘ಇನ್ಫಿಡೆಲ್ಸ್’ ಆಲ್ಬಮ್‌ಗೆ ರೆಕಾರ್ಡ್ ಆಗಿದ್ದು, ಡಿಲನ್ ಪಿಯಾನೋ, ಜೊತೆಗೆ ಮಾರ್ಕ್ ನಾಫ್ಲರ್ ಗಿಟಾರ್. ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’ ಅನ್ನೋ ಹಳೇ ಹಾಡಿನ ಧಾಟಿ ಒಳಗೊಳಗೇ ಹರಿಯತ್ತೆ, ಅಮೆರಿಕದ ದಕ್ಷಿಣದ ಗುಲಾಮಗಿರಿಯ ಚರಿತ್ರೆ ಚಿತ್ರ ಚಿತ್ರವಾಗಿ ಹಾದು ಹೋಗತ್ತೆ. ಇದನ್ನ ಆಲ್ಬಮ್‌ನಿಂದ ಬಿಟ್ಬಿಟ್ಟ. ಹೊರಗೆ ಬಂದಿದ್ದು 1991ರ ಆ ಮೊದಲ ಬೂಟ್‌ಲೆಗ್ ಸೀರೀಸ್ ಸೆಟ್‌ನಲ್ಲಿ. 1993ರಲ್ಲಿ ದ ಬ್ಯಾಂಡ್ ಇದನ್ನ ರೆಕಾರ್ಡ್ ಮಾಡ್ತು, ಅದಾದ್ಮೇಲೆ 1997ರಲ್ಲಿ ಡಿಲನ್ ಸ್ಟೇಜ್ ಮೇಲೆ ಹಾಡೋಕೆ ಶುರು ಮಾಡ್ದ. ಬಿಟ್ಟಿದ್ದು ತಪ್ಪು ಅಂತ ನಾನಂತೂ ಧೈರ್ಯವಾಗಿ ಹೇಳ್ತೀನಿ. 2021ರ 16ನೇ ವಾಲ್ಯೂಮ್‌ನಲ್ಲಿ ಪೂರ್ತಿ ಬ್ಯಾಂಡ್ ಜೊತೆಗಿನ ಟೇಕ್ ಇದೆ, ಅದನ್ನೂ ಕೇಳಿ, ಆದ್ರೆ ನನ್ನ ಓಟು ಪಿಯಾನೋಗೇ.

ಅದೇ 1991ರ ಸೆಟ್‌ನಲ್ಲಿ ಇನ್ನೆರಡು. ‘ಷೀ ಈಸ್ ಯುವರ್ ಲವರ್ ನೌ’ 1966ರ ಜನವರಿ 21ರದ್ದು, ಕೊನೇ ಚರಣದಲ್ಲಿ ಹಾಡು ಅಲ್ಲೇ ಕುಸಿದು ನಿಂತೋಗತ್ತೆ, ಅಷ್ಟು ದೂರ ಅಷ್ಟು ಚೆನ್ನಾಗಿ ಬಂದು. ‘ಸೀರೀಸ್ ಆಫ್ ಡ್ರೀಮ್ಸ್’ 1989ರ ‘ಓ ಮರ್ಸಿ’ ಸಮಯದ್ದು, ಡ್ರಮ್ಸ್ ಅಲೆ ಅಲೆಯಾಗಿ ಏರೋದನ್ನ ಜೋರಾಗಿ ಹಾಕ್ಕೊಂಡು ಕೇಳಿ.

ಹಂತ 7: ವರ್ಷಗಟ್ಟಲೆ ಕಾದ ಹಾಡು

ಚಿಕ್ಕದಾಗಿ ಹೇಳ್ತೀನಿ. ‘ಮಿಸಿಸಿಪ್ಪಿ’ 1997ರ ‘ಟೈಮ್ ಔಟ್ ಆಫ್ ಮೈಂಡ್’ಗೆ ಪ್ರೊಡ್ಯೂಸರ್ ಡೇನಿಯಲ್ ಲನ್ವಾ ಜೊತೆ ರೆಕಾರ್ಡ್ ಆಯ್ತು, ಸರಿಹೋಗ್ಲಿಲ್ಲ, 1998ರಲ್ಲಿ ಶೆರಿಲ್ ಕ್ರೋ ತನ್ನ ಆಲ್ಬಮ್‌ನಲ್ಲಿ ಹಾಡಿದ್ಲು, 2001ರಲ್ಲಿ ಡಿಲನ್ ಹೊಸದಾಗಿ ರೆಕಾರ್ಡ್ ಮಾಡಿ ‘ಲವ್ ಅಂಡ್ ಥೆಫ್ಟ್’ಗೆ ಹಾಕ್ದ. 2008ರ 8ನೇ ವಾಲ್ಯೂಮ್ ‘ಟೆಲ್ ಟೇಲ್ ಸೈನ್ಸ್’ನ 3 ಡಿಸ್ಕ್ ಎಡಿಷನ್‌ನಲ್ಲಿ ಇದರ ಮೂರು ಹಳೇ ವರ್ಷನ್ ಇವೆ. ಮೊದಲ ಡಿಸ್ಕ್ ಶುರುವಾಗೋದೇ ಅದರಿಂದ, ಆ ಸದ್ದಿಲ್ಲದ ವರ್ಷನ್ ಆಲ್ಬಮ್‌ನಲ್ಲಿರೋದಕ್ಕಿಂತ ನನಗೆ ಇಷ್ಟ.

ಹಂತ 8: ಯಾವ ಎಡಿಷನ್ ತಗೋಬೇಕು

ಇಲ್ಲಿ ಜನ ದುಡ್ಡು ಕಳ್ಕೋತಾರೆ, ನೋಡ್ಕೊಂಡು ತಗೊಳ್ಳಿ. ಒಂದೇ ವಾಲ್ಯೂಮ್ ಬೇರೆ ಬೇರೆ ಸೈಜ್‌ನಲ್ಲಿ ಬರತ್ತೆ. ‘ಕಟಿಂಗ್ ಎಡ್ಜ್’ಗೆ 2 ಸಿಡಿ ಆಯ್ಕೆ ಇದೆ, 6 ಸಿಡಿ ಇದೆ, 379 ಟ್ರ್ಯಾಕ್‌ಗಳ 18 ಸಿಡಿ ಸೆಟ್ಟೂ ಇದೆ. ಕೊನೇದು 5000 ಪ್ರತಿ ಮಾತ್ರ ಮಾಡಿದ್ದು. 6 ಸಿಡಿಯದ್ದು ಸಾಕು, ನಿಜವಾಗ್ಲೂ ಸಾಕು. 2 ಸಿಡಿಯದ್ರಲ್ಲಿ ಹಾಡುಗಳು ಚೆನ್ನಾಗಿವೆ, ಆದ್ರೆ ಹಂತ 3ರ ಆ ಸಾಲು ಟೇಕ್‌ಗಳು ಸಿಗಲ್ಲ. ಸ್ಟ್ರೀಮಿಂಗ್‌ನಲ್ಲಿ ಕೇಳೋರು ಮೊದ್ಲು ಟ್ರ್ಯಾಕ್‌ಲಿಸ್ಟ್ ನೋಡಿ, ಕೆಲವೇ ಹಾಡು ಆಯ್ದಿರೋ ಸ್ಯಾಂಪ್ಲರ್ ಮಾತ್ರ ಇದೆಯಾ ಪೂರ್ತಿ ಇದೆಯಾ ಅಂತ.

ಕಳ್ಳ ರೆಕಾರ್ಡ್‌ಗಳ ವಿಷಯ. ಇದೆಲ್ಲ ಶುರುವಾಗಿದ್ದೇ ಅಲ್ಲಿಂದ, 1969ರಲ್ಲಿ ‘ಗ್ರೇಟ್ ವೈಟ್ ವಂಡರ್’ ಅನ್ನೋ ಬೂಟ್‌ಲೆಗ್ ಬಿಳೀ ಕವರ್‌ನಲ್ಲಿ ಹೊರಗೆ ಬಂತು, ಅದರಲ್ಲಿ 1967ರಲ್ಲಿ ವೆಸ್ಟ್ ಸಾಗರ್ಟೀಸ್‌ನ ಬಿಗ್ ಪಿಂಕ್ ಮನೆಯ ನೆಲಮಾಳಿಗೆಯಲ್ಲಿ ಹಾಕ್ಸ್ ಜೊತೆ ಹಾಡಿ ಗಾರ್ತ್ ಹಡ್ಸನ್ ಟೇಪ್ ಮಾಡಿದ್ದ ಹಾಡುಗಳಲ್ಲಿ ಕೆಲವು ಇದ್ವು. 1975ರಲ್ಲಿ ಅವು ಅಧಿಕೃತವಾಗಿ ಬಂದಾಗ ಕೆಲವಕ್ಕೆ ಆಮೇಲೆ ವಾದ್ಯ ಸೇರಿಸಿದ್ರು, ಹಾಗಾಗಿ ಅಸಲಿ ಬೇಕಂದ್ರೆ 2014ರ 11ನೇ ವಾಲ್ಯೂಮ್ ಕೇಳಿ. ಅಧಿಕೃತವಾಗಿ ಇಷ್ಟೊಂದು ಇರ್ವಾಗ ಕಳ್ಳ ಕಾಪಿ ಹುಡುಕೋ ಅಗತ್ಯ ಹೊಸಬರಿಗಂತೂ ಇಲ್ಲ, ಸೌಂಡೂ ಅಷ್ಟಕ್ಕಷ್ಟೇ, ಎಷ್ಟೋ ಸಲ ದಿನಾಂಕನೂ ತಪ್ಪಿರತ್ತೆ. 2012ರಲ್ಲಿ ಯೂರೋಪ್‌ನಲ್ಲಿ ‘50ನೇ ಆನಿವರ್ಸರಿ ಕಲೆಕ್ಷನ್’ ಅಂತ ಸುಮಾರು 100 ಪ್ರತಿ ಮಾತ್ರ ಬಂತು, 50 ವರ್ಷದೊಳಗೆ ಪ್ರಕಟ ಆಗದ ರೆಕಾರ್ಡಿಂಗ್‌ನ ಹಕ್ಕು ಅಲ್ಲಿನ ಕಾನೂನಿನ ಪ್ರಕಾರ ಹೋಗ್ಬಿಡತ್ತೆ, ಅದನ್ನ ಉಳಿಸ್ಕೊಳ್ಳೋಕೆ ಮಾಡಿದ್ದು. ಅದರ ಹಿಂದೆ ಬೀಳ್ಬೇಡಿ.

ಹಂತ 9: ನಿಮ್ಮದೇ ಆಲ್ಬಮ್ ಜೋಡಿಸಿ

ಒಂದು ನೋಟ್‌ಬುಕ್ ಇಡಿ. ಪ್ರತಿ ಟೇಕ್‌ಗೆ ದಿನಾಂಕ, ಟೇಕ್ ನಂಬರ್, ತಾಳ, ಯಾರ್ಯಾರು ನುಡಿಸ್ತಿದ್ದಾರೆ, ಬದಲಾದ ಸಾಲು, ಇಷ್ಟು ಸಾಕು. ಇವೆಲ್ಲ ಸೆಟ್ ಜೊತೆ ಬರೋ ಪುಸ್ತಕದಲ್ಲೇ ಸಿಗತ್ತೆ, ಎಷ್ಟೋ ಟೇಕ್‌ನ ಶುರುವಿಗೆ ಕಂಟ್ರೋಲ್ ರೂಮಿಂದ ಹಾಡಿನ ಹೆಸರು, ನಂಬರ್ ಕೂಗೋದೂ ಕೇಳ್ಸತ್ತೆ. ಒಂದೇ ದಿನ ಆರು ಡಿಸ್ಕ್ ಮುಗಿಸೋಕೆ ಹೋಗ್ಬೇಡಿ, ಐದನೇ ಟೇಕ್ ದಾಟಿದ್ಮೇಲೆ ಕಿವಿ ಸೋಲತ್ತೆ, ಎಲ್ಲ ಒಂದೇ ಥರ ಅನ್ಸೋಕೆ ಶುರುವಾಗತ್ತೆ. ನಿಲ್ಲಿಸಿ, ಬೇರೆ ದಿನ ಬನ್ನಿ.

ಆಮೇಲೆ ಪ್ಲೇಲಿಸ್ಟ್. ‘ಬ್ಲಡ್ ಆನ್ ದ ಟ್ರ್ಯಾಕ್ಸ್’ನ ಹತ್ತು ಹಾಡು ಅದೇ ಕ್ರಮದಲ್ಲಿ, ಪೂರ್ತಿ ನ್ಯೂಯಾರ್ಕ್ ಟೇಕ್‌ಗಳಿಂದ. ಇನ್ನೊಂದು ‘ಇನ್ಫಿಡೆಲ್ಸ್’, ಆದ್ರೆ ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ ಸೇರಿಸಿ. ಆಗ ಅದನ್ನ ಎಲ್ಲಿ ಹಾಕ್ತೀರ, ಯಾವ ಹಾಡನ್ನ ತೆಗೀತೀರ? ಅದು ಎಲ್ಲಿ ಹಾಕಿದ್ರೂ ಪಕ್ಕದ ಹಾಡು ಸಣ್ಣದಾಗಿ ಕಾಣತ್ತೆ, ಇದನ್ನ ಮಾಡಿ ನೋಡಿದ್ರೇ ಬಿಟ್ಟವನ ಕಷ್ಟ ಸ್ವಲ್ಪ ಅರ್ಥ ಆಗೋದು, ಬಿಟ್ಟಿದ್ದು ತಪ್ಪು ಅನ್ನೋ ನನ್ನ ಮಾತು ಅದರಿಂದ ಬದಲಾಗಲ್ಲ ಆದ್ರೂ.

ಇಷ್ಟು ಆದ್ಮೇಲೆ ಇದೇ ವಿಧಾನ ಬೇರೆಯವ್ರಿಗೂ ಹಾಕ್ಬೋದು. ನನ್ನ ಸಲಹೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್, 1998ರ ‘ಟ್ರ್ಯಾಕ್ಸ್’ ಸೆಟ್‌ನಲ್ಲಿ 66 ಹಾಡು, 2025ರ ‘ಟ್ರ್ಯಾಕ್ಸ್ 2’ರಲ್ಲಿ 83 ಹಾಡುಗಳ ಏಳು ಇಡೀ ಆಲ್ಬಮ್‌ಗಳು. ಅವನದ್ದು ಡಿಲನ್ ಥರ ಒಂದೇ ಹಾಡಿನ ಹತ್ತು ರೂಪ ಅಲ್ಲ, ಪೂರ್ತಿ ಮುಗಿಸಿ ಪಾಲಿಶ್ ಮಾಡಿ ಒಳಗಿಟ್ಟ ಹಾಡುಗಳೇ ಹೆಚ್ಚು, ಹಾಗಾಗಿ ಅಲ್ಲಿ ಹಂತ 6ರಿಂದ ಶುರು ಮಾಡಿ.